ತೂತು ಕೊರೆಯದೆ ಏನು ಬೇಕಾದ್ರೂ ಸೇರಿಸಿ

ಅಮೆರಿಕದ ಓಹಾಯೋದಿಂದ ಬರೆದ ಓದುಗರಿಗೆ ನಮಸ್ಕಾರ.

ನಿಮ್ಮ ಪತ್ರವೂ ಫೋಟೋಗಳೂ ತಲುಪಿವೆ. ಪಕ್ಕದ ಮನೆಯ ಅಜ್ಜಿಯಿಂದ 1962ರ ಕಬ್ ಕೆಡೆಟ್ ಗಾರ್ಡನ್ ಟ್ರಾಕ್ಟರ್, ಅಂದರೆ ಮನೆಯಂಗಳದ ಕೆಲಸದ ಪುಟ್ಟ ಟ್ರಾಕ್ಟರ್, ಕೊಂಡಿದ್ದೀರಿ. ಹಿಮ ತಳ್ಳೋಕೆ ಮುಂದೆ ಬ್ಲೇಡ್, ರಾತ್ರಿಗೆ ಲೈಟು, ಮೆತ್ತನೆ ಸೀಟು, ಮೈಗೆ ಹೊಸ ಬಣ್ಣ, ಇಷ್ಟು ನಿಮ್ಮ ಆಸೆ. ಹಳೆ ಟ್ರಾಕ್ಟರ್ ಮೇಳದಲ್ಲಿ ಸಿಕ್ಕ ಒಬ್ಬರು ಮಾತ್ರ "ಒಂದು ಬೋಲ್ಟೂ ಮುಟ್ಟಬೇಡಿ" ಅಂದರಂತೆ. ಏನು ಮಾಡಲಿ ಅಂತ ಕೇಳಿದ್ದೀರಿ.

ಬ್ಲೇಡ್ ಧೈರ್ಯವಾಗಿ ಹಾಕಿ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯವರು ಕೆಂಟಕಿಯ ಲೂಯಿವಿಲ್‌ನಲ್ಲಿ ಈ ಗಾಡಿ ಕಟ್ಟಿದ್ದೇ ದುಡಿಸೋಕೆ. ಎಂಜಿನ್ ಕೋಲರ್ ಕಂಪನಿಯ 7 ಅಶ್ವಶಕ್ತಿಯದು. ಗೇರ್‌ಬಾಕ್ಸ್ ಅವರದೇ ಫಾರ್ಮಾಲ್ ಕಬ್ ಅನ್ನೋ ಹೊಲದ ಟ್ರಾಕ್ಟರ್‌ನಿಂದ ಬಂದದ್ದು. ಹುಲ್ಲು ಕತ್ತರಿಸುವ ಡೆಕ್, ಹಿಮದ ಬ್ಲೇಡ್ ಎಲ್ಲಾ ಕಂಪನಿಯೇ ಮಾರುತ್ತಿತ್ತು. ಬ್ಲೇಡ್ ಇಲ್ಲದ ಗಾಡಿ ಹೆಚ್ಚು ಅಸಲಿ, ಇದ್ದದ್ದು ಕಡಿಮೆ ಅಸಲಿ ಅನ್ನೋದನ್ನು ನಾನು ಒಪ್ಪೋದಿಲ್ಲ. ಆ ಕಾಲದ ಬ್ಲೇಡನ್ನೇ ಹುಡುಕಿ. ಅದು ಗಾಡಿಯಲ್ಲಿ ಮೊದಲೇ ಇರುವ ಜಾಗದಲ್ಲೇ ಕೂರುತ್ತದೆ, ಬೇಡವಾದಾಗ ಕಳಚಿ ಬರುತ್ತದೆ. ಹಿಂದಿನ ಚಕ್ರಕ್ಕೆ ಚೈನು, ಭಾರದ ಬಿಲ್ಲೆ ಬೇಕೇ ಬೇಕು. ಇಲ್ಲದಿದ್ದರೆ ಹಿಮದಲ್ಲಿ ಚಕ್ರ ನಿಂತಲ್ಲೇ ತಿರುಗುತ್ತದೆ.

ಲೈಟಿನ ವಿಷಯದಲ್ಲಿ ಸ್ವಲ್ಪ ನಿಧಾನಿಸಿ. ನಿಮ್ಮದರಲ್ಲಿ ಬೆಲ್ಟಿನಿಂದ ಓಡುವ ಸ್ಟಾರ್ಟರ್-ಜನರೇಟರ್ ಇದೆ ಅಂದಿದ್ದೀರಿ, ಅಂದರೆ ಎಂಜಿನ್ ಶುರು ಮಾಡೋದೂ ಬ್ಯಾಟರಿ ಚಾರ್ಜ್ ಮಾಡೋದೂ ಒಂದೇ ಯಂತ್ರ. ಅದು ಎಂಜಿನ್ ಜೋರಾಗಿ ಓಡುವಾಗ ಕೊಡೋದೇ ಹತ್ತು-ಹದಿನೈದು ಆಂಪಿಯರ್. ಐಡ್ಲಿಂಗಿನಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. 55 ವ್ಯಾಟಿನ ಎರಡು ಹ್ಯಾಲೊಜನ್ ಬಲ್ಬು ಹಾಕಿದರೆ 12 ವೋಲ್ಟಿನಲ್ಲಿ 9 ಆಂಪಿಯರ್ ಅವೇ ತಿನ್ನುತ್ತವೆ. ಬ್ಯಾಟರಿಗೆ ಉಳಿಯೋದೇನು? 18 ವ್ಯಾಟಿನ ಎರಡು ಎಲ್‌ಇಡಿಗೆ 3 ಆಂಪಿಯರ್ ಸಾಕು. ಹಾಗಾಗಿ ಎಲ್‌ಇಡಿಗೆ ನನ್ನ ಒಪ್ಪಿಗೆ ಇದೆ. ಆದರೆ ಹಳೆ ವೈರನ್ನು ಕತ್ತರಿಸಬೇಡಿ. ಬ್ಯಾಟರಿಯಿಂದ ಫ್ಯೂಸ್ ಹಾಕಿದ ಬೇರೆ ವೈರು ಎಳೆಯಿರಿ. ಲೈಟನ್ನೂ ಸ್ವಿಚ್ಚನ್ನೂ ಕ್ಲಾಂಪಿನಲ್ಲಿ ಕಟ್ಟಿ.

ಡ್ರಿಲ್ ಮಾತ್ರ ಬೇಡ. ಇದನ್ನು ನೊಂದು ಹೇಳ್ತಿದ್ದೇನೆ. ಅಪ್ಪನ ಟ್ರಾಕ್ಟರ್‌ಗೆ ಟೇಪ್ ರೆಕಾರ್ಡರ್ ಕೂರಿಸೋಕೆ ಡ್ಯಾಶಿಗೆ ನಾಲ್ಕು ತೂತು ಕೊರೆದಿದ್ದೆ. ಟೇಪು ಎರಡೇ ವರ್ಷಕ್ಕೆ ಹೋಯಿತು. ಒಂದು ತೂತಿನ ಸುತ್ತ ತುಕ್ಕು ಹಬ್ಬಿ, ಕೊನೆಗೆ ಬೆರಳು ತೂರುವಷ್ಟು ದೊಡ್ಡದಾಯಿತು. ಅಪ್ಪ ಏನೂ ಅನ್ನಲಿಲ್ಲ. ಮಳೆಗಾಲದಲ್ಲಿ ಅಲ್ಲಿಗೆ ಬಟ್ಟೆ ತುರುಕಿಡುತ್ತಿದ್ದರು. ಸ್ಪ್ಯಾನರ್‌ನಲ್ಲಿ ಹಾಕಿ ಸ್ಪ್ಯಾನರ್‌ನಲ್ಲೇ ತೆಗೆಯುವಂಥದ್ದು ಯಾವುದಾದರೂ ಸೇರಿಸಿ. ಬೆಸುಗೆ, ತೂತು, ಕತ್ತರಿ ಮಾತ್ರ ಬೇಡ.

ಇದಕ್ಕೆ ಒಂದೇ ಒಂದು ರಿಯಾಯಿತಿ ಕೊಡ್ತೇನೆ. ಸೀಟಿನಿಂದ ಎದ್ದ ಕೂಡಲೇ ಎಂಜಿನ್ ನಿಲ್ಲಿಸುವ ಸ್ವಿಚ್ ಆ ಕಾಲದಲ್ಲಿ ಇರಲಿಲ್ಲ. ಮಕ್ಕಳಿರುವ ಮನೆ ಅಂತ ಬರೆದಿದ್ದೀರಿ. ಮುಂದೆ ಹುಲ್ಲು ಕತ್ತರಿಸುವ ಡೆಕ್ಕೂ ಹಾಕೋದಾದರೆ ಆ ಸ್ವಿಚ್ ಹಾಕಿಸಿ, ಅದಕ್ಕೆ ತೂತು ಬೇಕಾದರೂ ಸರಿ.

ಸೀಟು ಬದಲಿಸಿ. ಹಳೆಯದಕ್ಕೆ ಎಣ್ಣೆ ಬಟ್ಟೆ ಸುತ್ತಿ ಎತ್ತಿಡಿ, ಬೋಲ್ಟುಗಳನ್ನು ಡಬ್ಬಿಗೆ ಹಾಕಿ ಹೆಸರು ಬರೆಯಿರಿ.

ಬಣ್ಣ ಬೇಡ. ನಿಮ್ಮ ಮೂರನೇ ಫೋಟೋ ಮತ್ತೊಮ್ಮೆ ನೋಡಿ. ಕ್ಲಚ್ ಪೆಡಲ್ ಮೇಲೆ ಹಳದಿ ಪೂರ್ತಿ ಸವೆದು ಕಬ್ಬಿಣ ಮಿನುಗುತ್ತಿದೆ. ಅದು ಅಜ್ಜಿಯ ಯಜಮಾನರ ಎಡಗಾಲು ಇಷ್ಟು ವರ್ಷ ಒತ್ತಿದ ಜಾಗ, ಅಲ್ವಾ? ಹೊಸ ಬಣ್ಣ ಯಾವಾಗ ಬೇಕಾದರೂ ಹೊಡೆಸಬಹುದು, ಆ ಸವೆತ ಮತ್ತೆ ಬರೋದಿಲ್ಲ. ತುಕ್ಕು ಇರುವ ಕಡೆ ಉಜ್ಜಿ ತೆಳ್ಳಗೆ ಎಣ್ಣೆ ಹಚ್ಚಿ, ಸಾಕು.

ಬ್ಲೇಡ್ ಕೊಳ್ಳುವ ಮೊದಲು ಒಂದು ಸಲ ಅಜ್ಜಿಯ ಮನೆಗೆ ಹೋಗಿ ಗ್ಯಾರೇಜಿನ ಹಿಂದೆ, ಅಟ್ಟದಲ್ಲಿ ಏನಾದರೂ ಬಿದ್ದಿದೆಯಾ ಕೇಳಿ. ಗಾಡಿ ಮಾರುವವರು ಅದರ ಜೊತೆಯ ಕಬ್ಬಿಣವನ್ನು ಮರೆತಿರುತ್ತಾರೆ.