ತಿ. ನರಸೀಪುರ ತಾಲ್ಲೂಕು: ಮೊದಲು ತಲಕಾಡು, ಆಮೇಲೆ ಸೋಮನಾಥಪುರ

ಮೈಸೂರಿಂದ ಹೊರಟು ಒಂದೇ ದಿನದಲ್ಲಿ ತಲಕಾಡು, ಸೋಮನಾಥಪುರ ಎರಡೂ ಆಗುತ್ತಾ ಅಂತ ಕೇಳಿದ್ದೀರಿ. ಧಾರಾಳವಾಗಿ ಆಗುತ್ತೆ ಸರ್, ಆದರೆ ಬೆಳಿಗ್ಗೆಯೇ ತಲಕಾಡಿಗೆ ಹೋಗಿ. ಗುಡಿಯಿಂದ ಗುಡಿಗೆ ಬರಿಗಾಲಲ್ಲಿ ಮರಳಲ್ಲೇ ನಡೆಯೋರು ಹೆಚ್ಚು. ಮಧ್ಯಾಹ್ನಕ್ಕೆ ಅದು ಕಾದ ಹೆಂಚಿನಂತಾಗುತ್ತೆ. ಪಾತಾಳೇಶ್ವರ, ಮರಳೇಶ್ವರ ನೆಲಮಟ್ಟಕ್ಕಿಂತ ಕೆಳಗಿವೆ, ಮೆಟ್ಟಿಲಿಳಿಯಬೇಕು. ವಿಷ್ಣುವರ್ಧನ ಚೋಳರನ್ನು ಗೆದ್ದು ಕಟ್ಟಿಸಿದ ಕೀರ್ತಿನಾರಾಯಣ ಗುಡಿಯನ್ನು ಬಿಡಬೇಡಿ. ಕಾವೇರಿ ಹೊಳೆಗೆ ಮಾತ್ರ ಇಳಿಯಲೇಬೇಡಿ. ತಿರುವಲ್ಲಿ ಮೇಲೆ ಶಾಂತವಾಗಿ ಕಂಡರೂ ಮರಳು ಕುಸಿದು ಒಮ್ಮೆಲೇ ಆಳ ಸಿಗುತ್ತೆ, ಈಜು ಬಲ್ಲವರೂ ಮುಳುಗಿದ್ದಾರೆ. ಹತ್ತಿರದ ಮಾಲಂಗಿ ಊರಿನ ಬಗ್ಗೆ ಅಲಮೇಲಮ್ಮನ ಶಾಪದಲ್ಲಿ ಬರುವ ‘ಮಾಲಂಗಿ ಮಡುವಾಗಿ’ ಅನ್ನೋ ಮಾತು ಸುಮ್ಮನೆ ಉಳಿದಿಲ್ಲ.

ಊಟ ಮುಗಿಸಿ ಸೋಮನಾಥಪುರಕ್ಕೆ ಬನ್ನಿ. ಅಲ್ಲಿನ ಕೇಶವ ಗುಡಿ 13ನೇ ಶತಮಾನದ ತ್ರಿಕೂಟ (ಮೂರು ಗರ್ಭಗುಡಿಗಳ) ಗುಡಿ, 2023ರಿಂದ ವಿಶ್ವ ಪರಂಪರೆಯ ತಾಣ. ಗೋಡೆಯ ವಿಗ್ರಹಗಳ ಪೀಠದಲ್ಲಿ ‘ಮಲ್ಲಿತಮ್ಮ’ ಎಂಬ ಶಿಲ್ಪಿಯ ರುಜು ಹುಡುಕಿ. ಹಳಗನ್ನಡ ಲಿಪಿ, ಓರೆ ಬಿಸಿಲಲ್ಲಿ ಚೆನ್ನಾಗಿ ಕಾಣುತ್ತೆ.