ನಿಮ್ಮ ಸೇವಾ ಪುಸ್ತಕ ನಿಮಗೇ ಗೌಪ್ಯ ಹೇಗಾಗುತ್ತೆ?

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ಓದಿ ಸಿಟ್ಟು ಬಂತು. ಇಡೀ ಜೀವನ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾಗಿದ್ದೀರಿ. ಪಿಂಚಣಿ ಲೆಕ್ಕದಲ್ಲಿ ಒಂದು ಇನ್‌ಕ್ರಿಮೆಂಟ್ ಬಿಟ್ಟುಹೋಗಿದೆ ಅನ್ನೋ ಅನುಮಾನ ಬಂದು ಸೇವಾ ಪುಸ್ತಕದ (ಅಂದರೆ ನಿಮ್ಮ ನೌಕರಿಯ ವಿವರವೆಲ್ಲ ಬರೆದಿಡುವ ದಾಖಲೆಯ) ನಕಲು ಕೇಳಿದರೆ, ಕಚೇರಿಯವರು ಮೊದಲು ‘ಯಾಕೆ ಬೇಕು ಬರೆದುಕೊಡಿ’ ಅಂದರು, ಆಮೇಲೆ ‘ವೈಯಕ್ತಿಕ ಮಾಹಿತಿ, ಕೊಡೋಕೆ ಬರಲ್ಲ’ ಅಂತ ಬಾಯಿಮಾತಲ್ಲೇ ಹೇಳಿ ಕಳಿಸಿದರು. ಮಗಳ ಹೆಸರಲ್ಲಿ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಲಾ ಅಂತ ನಮ್ಮನ್ನು ಕೇಳಿದ್ದೀರಿ.

ಖಂಡಿತ ಬೇಡ. ಅರ್ಜಿ ನಿಮ್ಮ ಹೆಸರಲ್ಲೇ ಇರಲಿ, ಸಹಿಯೂ ನಿಮ್ಮದೇ ಇರಲಿ. ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಂ ಇರುವುದು ಒಬ್ಬರ ಖಾಸಗಿ ವಿವರ ಇನ್ನೊಬ್ಬರ ಕೈ ಸೇರದಿರಲಿ ಅಂತ. ನೌಕರರ ಸೇವಾ ದಾಖಲೆಯನ್ನು ಬೇರೆಯವರು ಕೇಳಿದಾಗ ನಿರಾಕರಿಸಬಹುದು ಅಂತ 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಗಳು ಅರ್ಜಿ ಹಾಕಿದರೆ ಅವರೂ ಕಾನೂನಿನ ಕಣ್ಣಿಗೆ ಬೇರೆಯವರೇ. ಆದರೆ ನಿಮ್ಮ ಖಾಸಗಿತನವನ್ನು ನಿಮ್ಮಿಂದಲೇ ಕಾಪಾಡುತ್ತೇವೆ ಅನ್ನೋದರಲ್ಲಿ ಅರ್ಥವೇ ಇಲ್ಲ, ಅಲ್ವಾ? 2011ರಲ್ಲಿ ಇದೇ ನ್ಯಾಯಾಲಯ, ಪರೀಕ್ಷೆ ಬರೆದವರಿಗೆ ಅವರದೇ ಉತ್ತರ ಪತ್ರಿಕೆ ನೋಡುವ ಹಕ್ಕಿದೆ ಅಂತಲೂ ಹೇಳಿತು. 2023ರ ದತ್ತಾಂಶ ರಕ್ಷಣೆ ಕಾಯ್ದೆ ಈ 8(1)(ಜೆ)ಯನ್ನು ತಿದ್ದಿ, ಅದರಲ್ಲಿದ್ದ ಷರತ್ತುಗಳನ್ನು ತೆಗೆದು, ಬರೀ ‘ವೈಯಕ್ತಿಕ ಮಾಹಿತಿ’ ಅನ್ನುವಷ್ಟಕ್ಕೆ ಇಳಿಸಿದೆ. ಕೆಲವು ಕಚೇರಿಗಳು ಇದನ್ನೇ ಎಲ್ಲದಕ್ಕೂ ನೆಪ ಮಾಡಿಕೊಳ್ಳಬಹುದು ಅನ್ನೋ ಚಿಂತೆ ನನಗಿದೆ. ಹಾಗಾಗಿ ‘ಇದು ನನ್ನದೇ ಸೇವಾ ದಾಖಲೆ’ ಅನ್ನೋ ಸಾಲು ಅರ್ಜಿಯಲ್ಲಿ ಮೊದಲೇ ಬರೆಯಿರಿ. ಗುರುತಿನ ಚೀಟಿಯ ನಕಲನ್ನೂ ಜೊತೆಗಿಡಿ.

ಇನ್ನು ‘ಯಾಕೆ ಬೇಕು’ ಅನ್ನೋ ಪ್ರಶ್ನೆ. ಅದನ್ನು ಕೇಳುವ ಅಧಿಕಾರ ಅವರಿಗಿಲ್ಲ. 6(2) ಕಲಂ ನೋಡಿ, ಕಾರಣ ಕೊಡಬೇಕಾಗಿಲ್ಲ.

ಬಹಳ ಜನ ಸೋಲುವುದು ಅರ್ಜಿಯ ಬರವಣಿಗೆಯಲ್ಲಿ. ‘ನನ್ನ ಇನ್‌ಕ್ರಿಮೆಂಟ್ ಯಾಕೆ ಕೊಟ್ಟಿಲ್ಲ?’ ಅಂತ ಕೇಳಿದರೆ ‘ಇದು ಮಾಹಿತಿಯ ವ್ಯಾಖ್ಯೆಯಲ್ಲಿ ಬರುವುದಿಲ್ಲ’ ಅಂತ ಒಂದು ಹಿಂಬರಹ (ಕಚೇರಿಯ ಲಿಖಿತ ಉತ್ತರ) ಬರುತ್ತೆ, ಅಲ್ಲಿಗೆ ಮುಗಿಯಿತು. ಕಚೇರಿ ಕೊಡಬೇಕಾದ್ದು ತನ್ನಲ್ಲಿರುವ ದಾಖಲೆಯನ್ನು, ಹೊಸದಾಗಿ ಉತ್ತರ ತಯಾರಿಸಬೇಕಾಗಿಲ್ಲ. ಅದಕ್ಕೇ ಕಾಗದ ಕೇಳಿ: ಸೇವಾ ಪುಸ್ತಕದ ಎಲ್ಲ ಪುಟಗಳ ದೃಢೀಕೃತ ನಕಲು, ಪಿಂಚಣಿ ಕಡತದ ಟಿಪ್ಪಣಿ ಹಾಳೆಗಳು, ಜೊತೆಗೆ ಕಡತವನ್ನು ಖುದ್ದು ನೋಡಲು ಅವಕಾಶ. ಟಿಪ್ಪಣಿ ಹಾಳೆ ಮರೆಯಬೇಡಿ. ಯಾರ ಮೇಜಿನ ಮೇಲೆ ಯಾವ ತಾರೀಖಿನಿಂದ ಕಡತ ಕೂತಿದೆ, ಯಾರು ಏನು ಬರೆದರು ಅನ್ನೋದೆಲ್ಲ ಅಲ್ಲೇ ಇರುತ್ತೆ. ‘ಯಾಕೆ’ ಅನ್ನೋದಕ್ಕೆ ಉತ್ತರ ಸಿಗುವುದೂ ಸಾಮಾನ್ಯವಾಗಿ ಅಲ್ಲೇ.

ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸುಮಾರು 150 ಪದದೊಳಗೆ ಮುಗಿಸಬೇಕು. ಶುಲ್ಕ 10 ರೂಪಾಯಿ, ಇಂಡಿಯನ್ ಪೋಸ್ಟಲ್ ಆರ್ಡರ್ ಸಾಕು. ಮಾಮೂಲಿ ಅಳತೆಯ ನಕಲಿಗೆ ಪುಟಕ್ಕೆ 2 ರೂಪಾಯಿ. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ತಕರಾರು ಮಾಡಿದರೆ ಸುಮ್ನೆ ವಾದ ಬೇಡ, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.

ಗಡುವು 30 ದಿನ. ದಾಟಿದರೆ ನಕಲು ಪುಕ್ಕಟೆ ಕೊಡಬೇಕು. ಕೊಡಲ್ಲ ಅನ್ನೋದಾದರೆ ಯಾವ ಕಲಮಿನಡಿ ಅಂತ ಬರೆದೇ ತಿಳಿಸಬೇಕು. ‘ಕಡತ ಸಿಗ್ತಿಲ್ಲ’ ಅಂದರೆ ಒಪ್ಪಬೇಡಿ, ಅಂಥ ವಿನಾಯಿತಿ ಕಾಯ್ದೆಯಲ್ಲೇ ಇಲ್ಲ. ಹುಡುಕಿ ಕೊಡಿ, ಕಳೆದಿದ್ದರೆ ವಿಚಾರಣೆ ಮಾಡಿ ಅಂತ ಕೇಳುವ ಹಕ್ಕು ನಿಮಗಿದೆ.

ಉತ್ತರ ಬರದಿದ್ದರೆ, ಅಥವಾ ಬಂದದ್ದು ಸರಿಯಿಲ್ಲದಿದ್ದರೆ, 30 ದಿನದೊಳಗೆ ಪ್ರಥಮ ಮೇಲ್ಮನವಿ ಹಾಕಿ. ಅದನ್ನು ಕೇಳುವವರು ಅದೇ ಇಲಾಖೆಯ ಮೇಲಧಿಕಾರಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಆಯೋಗಕ್ಕೆ ತಪ್ಪಿತಸ್ಥ ಅಧಿಕಾರಿಗೆ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರವಿದೆ. ಆದರೆ ಅಲ್ಲಿ ಸರದಿ ಬರೋದಕ್ಕೆ ಜಾಸ್ತಿ ಸಮಯ ಹಿಡಿಯುತ್ತೆ. ಹಾಗಾಗಿ ಪ್ರಥಮ ಮೇಲ್ಮನವಿಯನ್ನು ಹಗುರವಾಗಿ ತಗೋಬೇಡಿ. ವಿಚಾರಣೆಗೆ ಕರೆದರೆ ಖುದ್ದು ಹೋಗಿ, ಮಗಳನ್ನೂ ಕರೆದುಕೊಂಡು ಹೋಗಿ.

ಅರ್ಜಿಯ ಕರಡು ಬರೆದು ನಮಗೆ ಕಳಿಸಿ. ತಿದ್ದಿ ವಾಪಸ್ ಕಳಿಸುತ್ತೇವೆ.

— ಸಂಪಾದಕ