ಓದುಗರ ಪ್ರಶ್ನೆ: ಪೈಲಟ್‌ಗೆ ಸೇನೆಯ ಪಿಂಚಣಿ ಮೇಲೋ, ಕಂಪನಿಯ ಪಿಎಫ್ ಮೇಲೋ?

ಪ್ರಶ್ನೆ: ಮಗ ಸೆಕೆಂಡ್ ಪಿಯು ಸೈನ್ಸ್. ಪೈಲಟ್ ಆಗ್ತೀನಿ ಅಂತ ಹಟ ಹಿಡಿದಿದ್ದಾನೆ. ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಮಾಡಿಸಲು ಮನೆ ಮೇಲೆ ಸಾಲ ತೆಗೆಯಬೇಕು. ಭಾವ ಮಾತ್ರ ‘ಏರ್‌ಫೋರ್ಸ್‌ಗೆ ಸೇರಿಸು, ಸಾಯೋವರೆಗೂ ಪಿಂಚಣಿ’ ಅಂತಾರೆ. ಏನು ಮಾಡಲಿ?
– ಒಬ್ಬ ತಂದೆ, ವಿದ್ಯಾನಗರ, ದಾವಣಗೆರೆ

ಉತ್ತರ: ಭಾವ ಹೇಳಿದ್ದು ಅರ್ಧ ನಿಜ. ಏರ್‌ಫೋರ್ಸ್ ಪೈಲಟ್‌ಗಳಿಗೆಲ್ಲ ಪಿಂಚಣಿ ಸಿಗುವುದಿಲ್ಲ. ಪಿಯು ಆದಮೇಲೆ ಎನ್‌ಡಿಎ (ನ್ಯಾಷನಲ್ ಡಿಫೆನ್ಸ್ ಅಕಾಡೆಮಿ) ಮೂಲಕ ಹೋದರೆ ಪರ್ಮನೆಂಟ್ ಕಮಿಷನ್, ಅಂದರೆ ನಿವೃತ್ತಿವರೆಗಿನ ಅಧಿಕಾರಿ ಹುದ್ದೆ, 20 ವರ್ಷ ಸೇವೆ ಆದರೆ ಪಿಂಚಣಿ ಗ್ಯಾರಂಟಿ. ಡಿಗ್ರಿ ಮುಗಿಸಿ ಏರ್‌ಫೋರ್ಸ್‌ನ ಎಎಫ್‌ಕ್ಯಾಟ್ ಪರೀಕ್ಷೆ ಬರೆದು ಫ್ಲೈಯಿಂಗ್ ಬ್ರಾಂಚ್ ಸೇರಿದರೆ ಅದು ಶಾರ್ಟ್ ಸರ್ವಿಸ್, ಅಂದರೆ ನಿಗದಿತ ಅವಧಿಯ ಸೇವೆ, 14 ವರ್ಷ. ಹೊರಬರುವಾಗ ಗ್ರಾಚ್ಯುಟಿ ಕೈಗೆ ಬರುತ್ತದೆ, ತಿಂಗಳ ಪಿಂಚಣಿ ಇಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ಲೆಕ್ಕ ಹಾಕಿಬಿಡುತ್ತಾರೆ.

ಎನ್‌ಡಿಎಗೆ ವಯಸ್ಸಿನ ಕಟ್ಟು ಇದೆ, ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಸಿಪಿಎಲ್‌ಗೆ ಅಂಥ ಆತುರವಿಲ್ಲ. ಹಾಗಾಗಿ ಮೊದಲು ಎನ್‌ಡಿಎ ಬರೆಯಲಿ. ಆಗಲಿಲ್ಲ ಅಂದರೆ ಸಾಲದ ಮಾತು. ಆಗಲೂ ಮನೆ ಪತ್ರ ಬ್ಯಾಂಕಿನ ಟೇಬಲ್ ಮೇಲೆ ಇಡುವ ಮುಂಚೆ ಹುಡುಗನಿಗೆ ಪೈಲಟ್‌ಗಳಿಗೆ ಬೇಕಾದ ಕ್ಲಾಸ್ 1 ಮೆಡಿಕಲ್ ಪರೀಕ್ಷೆ ಮಾಡಿಸಿಬಿಡಿ. ಅದರಲ್ಲಿ ಫೇಲಾದರೆ ಏರ್‌ಲೈನ್ ಕನಸು ಅಲ್ಲಿಗೇ ಮುಗಿಯಿತು, ಸಾಲದ ಹೊರೆಯಾದರೂ ತಪ್ಪುತ್ತದೆ ಅಲ್ವಾ?

ಪ್ರಶ್ನೆ: ನಮ್ಮ ಯಜಮಾನರು ಏರ್‌ಫೋರ್ಸ್‌ನಲ್ಲಿ ವಿಂಗ್ ಕಮಾಂಡರ್. ಮುಂದಿನ ವರ್ಷ 20 ವರ್ಷ ತುಂಬುತ್ತದೆ. ಬಿಟ್ಟು ಏರ್‌ಲೈನ್ ಸೇರೋಣ ಅಂತಾರೆ. ನನಗೆ ಭಯ.
– ಓದುಗರು, ಚಿತ್ರದುರ್ಗ

ಉತ್ತರ: ಭಯಕ್ಕಿಂತ ಮುಂಚೆ ಲೆಕ್ಕ ನೋಡಿ. ಪಿಂಚಣಿ ಅಂದರೆ ಕೊನೆಯ ಮೂಲವೇತನ ಮತ್ತು ಮಿಲಿಟರಿ ಸರ್ವಿಸ್ ಪೇ ಸೇರಿಸಿದ ಮೊತ್ತದ ಅರ್ಧ. ಸುಮ್ನೆ ಅಂದಾಜಿಗೆ, ಮೂಲವೇತನ 1,44,500 ಅಂತಿಟ್ಟುಕೊಳ್ಳಿ. ಅದಕ್ಕೆ ಸರ್ವಿಸ್ ಪೇ 15,500 ಸೇರಿಸಿದರೆ 1,60,000, ಅರ್ಧ 80,000. ಫ್ಲೈಯಿಂಗ್ ಅಲವೆನ್ಸ್ ಇದಕ್ಕೆ ಸೇರುವುದಿಲ್ಲ, ಪೇ ಸ್ಲಿಪ್ಪಿನ ದೊಡ್ಡ ಮೊತ್ತ ನೋಡಿ ಮೋಸಹೋಗಬೇಡಿ. ಈ 80,000ದ ಮೇಲೆ ಡಿಆರ್ (ಪಿಂಚಣಿದಾರರ ತುಟ್ಟಿಭತ್ಯೆ) ಇದೆ, ಅದು ಬೆಲೆ ಏರಿಕೆಯ ಜೊತೆ ವರ್ಷಕ್ಕೆರಡು ಸಲ ಪರಿಷ್ಕರಣೆಯಾಗುತ್ತದೆ. ಇಸಿಎಚ್‌ಎಸ್ ಎಂಬ ಮಾಜಿ ಸೈನಿಕರ ಆಸ್ಪತ್ರೆ ಸೌಲಭ್ಯವೂ ಇದೆ. ಅವರು ಇಲ್ಲವಾದರೆ ನಿಮಗೆ ಕುಟುಂಬ ಪಿಂಚಣಿ. ಅದು ಸಾಮಾನ್ಯ ಲೆಕ್ಕದಲ್ಲಿ ಕೊನೆಯ ವೇತನದ 30 ಪರ್ಸೆಂಟ್, ಮೊದಲ ಕೆಲವು ವರ್ಷ ಇನ್ನೂ ಜಾಸ್ತಿ.

ಖಾಸಗಿ ಸಂಬಳದಲ್ಲೇ ಉಳಿಸಿ ಇಷ್ಟೇ ಆದಾಯ ಕಟ್ಟಬೇಕು ಅಂದರೆ, ಡಿಆರ್ ಬಿಟ್ಟು ಬರೀ ವರ್ಷಕ್ಕೆ 9.6 ಲಕ್ಷಕ್ಕೇ, ವರ್ಷಕ್ಕೆ ನಾಲ್ಕು ಪರ್ಸೆಂಟ್ ತೆಗೆಯುವ ಲೆಕ್ಕದಲ್ಲಿ 2.4 ಕೋಟಿ ಬೇಕು. ನಲವತ್ಮೂರು ನಲವತ್ನಾಲ್ಕನೇ ವಯಸ್ಸಿಗೇ ತೆಗೆಯಲು ಶುರು ಮಾಡುವವರಿಗೆ ನಾಲ್ಕು ಪರ್ಸೆಂಟ್ ಜಾಸ್ತಿಯೇ ಆಯಿತು. ಮೂರು ಅಂದರೆ 3.2 ಕೋಟಿ.

ಆದ್ದರಿಂದ 20 ತುಂಬುವ ಮುಂಚೆ ಒಂದು ದಿನವೂ ಬಿಡುವ ಮಾತು ಬೇಡ. ತುಂಬಿದ ಮೇಲೆ ಪಿಂಚಣಿಯೂ ಬರುತ್ತದೆ, ಏರ್‌ಲೈನ್ ಸಂಬಳವೂ ಬರುತ್ತದೆ. 65ರವರೆಗೆ ಹಾರಬಹುದು. ಇದಕ್ಕಿಂತ ಒಳ್ಳೆ ಜೋಡಿ ನನಗೆ ಕಾಣುವುದಿಲ್ಲ. ಒಂದು ಕಹಿ ವಿಷಯ ಮಾತ್ರ ಇದೆ: 2015ರ ನವೆಂಬರ್ 7ರ ಆದೇಶದ ಪ್ರಕಾರ, ಅದರ ನಂತರ ಸ್ವಂತ ಕೋರಿಕೆಯ ಮೇಲೆ ಅವಧಿಗೆ ಮುನ್ನ ನಿವೃತ್ತಿ ತೆಗೆದುಕೊಂಡವರಿಗೆ ಒಆರ್‌ಒಪಿ (ಒಂದೇ ಹುದ್ದೆ, ಒಂದೇ ಸೇವಾವಧಿಗೆ ಒಂದೇ ಪಿಂಚಣಿ) ಸಿಗುವುದಿಲ್ಲ. ಐದು ವರ್ಷಕ್ಕೊಮ್ಮೆ ಪಿಂಚಣಿ ಸರಿಹೊಂದಿಸುವ ಆ ಲಾಭ ಕೈತಪ್ಪಬಹುದು. ಅದನ್ನೂ ತಕ್ಕಡಿಗೆ ಹಾಕಿ. ಅರ್ಜಿ ಹಾಕಿದ ಕೂಡಲೇ ಬಿಡುಗಡೆ ಸಿಗುತ್ತದೆ ಅಂತಲೂ ಇಲ್ಲ.

ಪ್ರಶ್ನೆ: ನಾನು ಖಾಸಗಿ ಏರ್‌ಲೈನ್‌ನಲ್ಲಿ ಕೋ-ಪೈಲಟ್, 27 ವರ್ಷ. ಪಿಎಫ್ ಇದೆ, ಸಾಕಲ್ವಾ?
– ಓದುಗರು, ಹರಿಹರ

ಉತ್ತರ: ಸಾಲದು. ಪೇ ಸ್ಲಿಪ್ ತೆಗೆದು ಪಿಎಫ್ ಸಾಲು ನೋಡಿ. 1,800 ಅಂತ ಇದ್ದರೆ ಪಿಎಫ್ ಕಾಯ್ದೆಯ 15,000 ಸಂಬಳದ ಮಿತಿಗಷ್ಟೇ 12 ಪರ್ಸೆಂಟ್ ಕಟ್ಟುತ್ತಿದ್ದಾರೆ ಅಂತ ಅರ್ಥ. ಪೂರ್ತಿ ಬೇಸಿಕ್ ಮೇಲೆ ಕಟ್ಟಲು ಎಚ್‌ಆರ್‌ಗೆ ಬರೆದು ಕೇಳಿ. 2014ರ ಸೆಪ್ಟೆಂಬರ್ ನಂತರ 15,000ಕ್ಕಿಂತ ಜಾಸ್ತಿ ಸಂಬಳಕ್ಕೆ ಹೊಸದಾಗಿ ಸೇರಿದವರು ಪಿಎಫ್ ಜೊತೆಗಿನ ಇಪಿಎಸ್ ಪಿಂಚಣಿ ಯೋಜನೆಗೆ ಬರುವುದೇ ಇಲ್ಲ. ಬಂದಿದ್ದರೂ 35 ವರ್ಷಕ್ಕೆ ತಿಂಗಳಿಗೆ 8,000ದೊಳಗೇ ಸಿಗುತ್ತಿತ್ತು, ಅಷ್ಟೇ.

ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ಹಾರಾಟ ನಿಲ್ಲಿಸಿದವು. ಆದ್ದರಿಂದ ಒಂದು ವರ್ಷದ ಖರ್ಚು ಬ್ಯಾಂಕಿನಲ್ಲಿ ಬೇರೆಯೇ ಇರಲಿ. ಲೈಸೆನ್ಸ್ ಹೋದರೆ ಹಣ ಕೊಡುವ ಲಾಸ್ ಆಫ್ ಲೈಸೆನ್ಸ್ ವಿಮೆ ಕಂಪನಿ ಮಾಡಿಸಿದೆಯೇ, ಎಷ್ಟಕ್ಕೆ ಮಾಡಿಸಿದೆ ಕೇಳಿಕೊಳ್ಳಿ. ಅದಾದ ಮೇಲೆ ಸಂಬಳದ ಕಾಲು ಭಾಗ ಇಂಡೆಕ್ಸ್ ಫಂಡ್ (ಷೇರು ಸೂಚ್ಯಂಕವನ್ನು ಅನುಸರಿಸುವ ಮ್ಯೂಚುವಲ್ ಫಂಡ್) ಮತ್ತು ಎನ್‌ಪಿಎಸ್‌ಗೆ (ರಾಷ್ಟ್ರೀಯ ಪಿಂಚಣಿ ಯೋಜನೆ) ಹೋಗಲಿ, ಸಂಬಳ ಬಂದ ದಿನವೇ. ಕಾರು ಕ್ಯಾಪ್ಟನ್ ಆದಮೇಲೆ ತಗೊಳ್ಳಿ.